ದೊರೆ ಬೇಡವೆಂದ ಅಕ್ಕ

ಮೊನ್ನೆ ಕಿರಂಗೂರಿನ ನೆಂಟರ ಮನೆಯಲ್ಲಿ ಹುಚ್ಚೆಳ್ಳು ಹುರಿಯುತ್ತಿದ್ದರು. ಆ ಘಮ ಮೂಗಿಗೆ ಬಡಿದದ್ದೇ ತಡ, ಪಾಂಡವಪುರದಲ್ಲಿ ನಾನು ದಿನಾ ತಿಂಡಿ ತಿನ್ನುತ್ತಿದ್ದ ಇಡ್ಲಿ ಹೋಟೆಲಿನ ಅಕ್ಕ ನೆನಪಾದರು... ಜೊತೆಗೇ ಹಳೆಯ ಸಿಟ್ಟೂ ಬಂತು.

ಬೇರೆ ಹೋಟೆಲುಗಳಲ್ಲಿ ‘ರಾಜಕೀಯ ಮಾತನಾಡಬಾರದು’ ಎಂಬ ಬೋರ್ಡು ಇರುತ್ತಿತ್ತು. ಅಕ್ಕ ಅದನ್ನು ಹಾಕಿದವರಲ್ಲ. ಕಬ್ಬಿನ ಗಾಡಿಯವರು, ಮೇಷ್ಟ್ರುಗಳು, ಎಲ್ಲ ಪಕ್ಷದವರೂ ಅಲ್ಲೇ ಕೂತು ಜಗಳವಾಡುತ್ತಿದ್ದರು. ದನಿ ಏರಿದರೆ ಅಕ್ಕ ಇನ್ನೊಂದು ಸೌಟು ಹುಚ್ಚೆಳ್ಳು ಚಟ್ನಿ ಸುರಿದು ನಗುತ್ತಿದ್ದರು.

ಆ ಸಲದ ಲೋಕಸಭಾ ಚುನಾವಣೆಯ ಹೊತ್ತಿಗೆ ಆ ಜಗಳವೇ ನಿಂತುಹೋಯಿತು. ಒಬ್ಬ ನಾಯಕರ ಹೆಸರು ಬಂದರೆ ಕೈ ಮುಗಿಯಬೇಕು, ಇಲ್ಲವೇ ಬಾಯಿ ಮುಚ್ಚಬೇಕು... ಒಂದು ಬೆಳಿಗ್ಗೆ, ಅಲ್ಲೇ ತಿಂದು ಬೆಳೆದ ಯುವಕನೊಬ್ಬ ಮೊಬೈಲು ಎತ್ತಿ ಹಿಡಿದು ವಿಡಿಯೊ ಮಾಡುತ್ತಾ, “ಇನ್ಮೇಲೆ ಎಲೆಕ್ಷನ್ನೇ ಬ್ಯಾಡ, ಸಾಯೋಗಂಟ ಅವ್ರೇ ಇರ್ಲಿ. ಏನಂತೀಯಕ್ಕ?” ಎಂದ.

ಅಕ್ಕ ಇಡ್ಲಿ ತೆಗೆಯುತ್ತಲೇ, “ದೊರೆಗೋಳು ಬ್ಯಾಡ ಅಂತಾನೇ ಕಣ್ಲಾ ಓಟು ಬಂದಿದ್ದು. ಈಗ ಓಟಾಕಿ ದೊರೆನ ಕೂರುಸ್ತೀರಾ? ನಾಳಿಕೆ ತಪ್ಪಾದ್ರೆ ಯಾರ್ನಲಾ ಕೇಳೀಯೆ?” ಎಂದರು.

ಮಧ್ಯಾಹ್ನದೊಳಗೆ ಆ ವಿಡಿಯೊ ‘ದೇಶದ್ರೋಹಿ’ ಎಂಬ ತಲೆಬರಹ ಹೊತ್ತು ಊರೆಲ್ಲ ಓಡಾಡಿತು. ಸಂಜೆ ಗುಂಪೊಂದು ಬಂದು ಇಡ್ಲಿ ಪಾತ್ರೆಯನ್ನು ಬೀದಿಗೆ ಉರುಳಿಸಿತು. ಒಂಟಿ ಹೆಂಗಸಿನ ಮುಂದೆ ಅಷ್ಟೊಂದು ಮೀಸೆ! ಮಾರನೆಯ ದಿನ ಹಿರಿಯರು ಪಂಚಾಯಿತಿ ಸೇರಿಸಿದರು. ನಾನೂ ಅಕ್ಕನ ಜೊತೆ ಹೋಗಿದ್ದೆ. ಉರುಳಿಸಿದವರನ್ನು ಯಾರೂ ಏನೂ ಕೇಳಲಿಲ್ಲ. ಅಕ್ಕ ಕ್ಷಮೆ ಕೇಳಬೇಕಂತೆ, ಅದನ್ನೂ ವಿಡಿಯೊ ಮಾಡುತ್ತಾರಂತೆ.

“ಕೇಳ್ಬುಡವ್ವ, ಮುಗುದೋಯ್ತದೆ,” ಎಂದರು ಹಿರಿಯರೊಬ್ಬರು.

“ಇಡ್ಲಿ ಅಳಸೋಗಿದ್ರೆ ಕೇಳ್ತಿದ್ದೆ ಕಣಪ್ಪ. ಮಾತು ಅಳಸಿಲ್ಲ,” ಎಂದು ಅಕ್ಕ ಎದ್ದು ಬಂದರು.

ಮತದಾನದ ದಿನ ಅಕ್ಕ ಸಾಲಿನಲ್ಲಿ ನಿಂತಾಗ, ವರ್ಷಗಟ್ಟಲೆ ಅವರ ಕೈಯಡುಗೆ ಉಂಡವರೇ ಮುಖ ತಿರುಗಿಸಿದರು. ಅಕ್ಕ ಓಟು ಹಾಕಿ, ಯಾರನ್ನೂ ನೋಡದೆ ನಡೆದುಹೋದರು. ಆಮೇಲೆ ಗಿರಾಕಿಗಳು ಬರಲಿಲ್ಲ... ಕಟ್ಟಡದ ಮಾಲೀಕನೂ ಹೆದರಿ ಜಾಗ ಖಾಲಿ ಮಾಡಿಸಿದ. ನಾಗಮಂಗಲದ ತಂಗಿಯ ಮನೆ ಸೇರಿದ ಅಕ್ಕ, ಹೋದ ವರ್ಷ ಅಲ್ಲೇ ತೀರಿಕೊಂಡರು.

ವಿಡಿಯೊ ಮಾಡಿದವನು ಈಗ ಮುಖಂಡ. ಈಚೆಗೆ ಮದುವೆಯೊಂದರಲ್ಲಿ ನನ್ನ ಪಕ್ಕಕ್ಕೆ ಬಂದು ಕೂತು, “ಪಾಪ, ಆಯಮ್ಮ ಒಳ್ಳೇರು ಕಣಣ್ಣ. ಬಾಯೊಂದು ಸುಮ್ಕಿದ್ದಿದ್ರೆ...” ಎಂದ.

“ಊರ್ಗೆ ಇದ್ದುದ್ದೇ ಅದೊಂದು ಬಾಯಿ ಕಣ್ಲಾ,” ಎಂದು, ಊಟಕ್ಕೂ ಕೂರದೆ ಎದ್ದು ಬಂದೆ.