ಇಡ್ಲಿ ಹಬೆಯ ಬಿಗೋನಿಯಾ

ಟಣಾರ್! ಇಡ್ಲಿ ಹಂಡೆಯ ಮುಚ್ಚಳ ಕಲ್ಲುಕಟ್ಟೆಗೆ ಬಡಿದ ಸದ್ದಿಗೆ ಮುಂದಿನ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದವರೂ ತಲೆಯೆತ್ತಿದರು. ಮಾಂಬಲಂ ಸ್ಟೇಷನ್ನಿನ ಹತ್ತಿರದ ಆ ಹೋಟೆಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಇಡ್ಲಿ ಬೇಯಿಸುತ್ತಿದ್ದ ಸುಬ್ರಾಯ ಮುಚ್ಚಳವನ್ನು ಹಾಗೆ ಎಸೆದವನಲ್ಲ. ಇವತ್ತು ಇದು ಮೂರನೆಯ ಸಲ.

"ಮುಚ್ಚಳ ಎಂಥ ಮಾಡಿತು ಸುಬ್ರಾಯಣ್ಣ, ಅದಕ್ಕೆ ಹೊಡೆಯುದು?" ಚಟ್ನಿ ರುಬ್ಬುತ್ತಿದ್ದ ಐತಪ್ಪ ಕೇಳಿದ.

"ಹೊಡೀಬೇಕಾದ ತಲೆ ಗಲ್ಲೆಯಲ್ಲಿ ಕೂತುಂಟು. ಅಲ್ಲಿವರೆಗೆ ಕೈ ಹೋಗುದಿಲ್ಲ ಮಾರಾಯ."

ತನ್ನದು ಅಂತ ಹೇಳಿಕೊಳ್ಳಲು ಸುಬ್ರಾಯನಿಗೆ ಹೆಚ್ಚೇನೂ ಇರಲಿಲ್ಲ. ಹೆಂಡತಿ ಬಾರ್ಕೂರಿನಲ್ಲಿ. ಮಲಗುವ ಚಾಪೆ ಹೋಟೆಲಿನ ಮಾಳಿಗೆಯಲ್ಲಿ. ಮೈಮೇಲಿನ ಬನಿಯನ್ನು ದೀಪಾವಳಿಗೆ ಧಣಿ ಕೊಟ್ಟದ್ದು. ಎಪ್ಪತ್ತೈದರ ಒಂದು ಶುಕ್ರವಾರ ಪಲ್ಲಾವರಂ ಸಂತೆಗೆ ಹೋಗಿದ್ದಾಗ ಗಿಡ ಮಾರುವವಳು ಮುರಿದ ಎಲೆಯೊಂದನ್ನು ದಾರಿಗೆ ಎಸೆದಳು. ಒಂದು ಮಗ್ಗುಲು ದೊಡ್ಡದು, ಇನ್ನೊಂದು ಚಿಕ್ಕದು. ನಡುವೆ ಬೆಳ್ಳಿ, ಅಂಚಿಗೆ ಹಳೆಯ ರೇಷ್ಮೆಯ ಕೆಂಪು. ಬಿಗೋನಿಯಾ, ಊಟಿ ಕಡೆಯ ಗಿಡ, ಈ ಊರಿನ ಬಿಸಿಲಿಗೆ ಉಳಿಯುವುದಿಲ್ಲ ಎಂದಳು. ಆ ಮಾತೇ ಅವನನ್ನು ಕೆಣಕಿತು. ಎಲೆಯನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ತಂದ.

ಅಡುಗೆಮನೆಯ ಹಿಂದಿನ ಕಿಟಕಿಗೆ ಬಿಸಿಲು ಬೀಳುತ್ತಿರಲಿಲ್ಲ. ಮುಂಜಾವದಿಂದ ಇಡ್ಲಿಯ ಹಬೆ ಆ ಕಡೆಗೇ ತೇಲಿ ಹೋಗುತ್ತಿತ್ತು. ಎಲೆಯ ನರಗಳನ್ನು ಬ್ಲೇಡಿನಿಂದ ಗೀರಿ, ಒದ್ದೆ ಮರಳಿನ ಮೇಲೆ ಮಲಗಿಸಿ, ಗುಡಿಸುವ ಹಿಡಿಸೂಡಿಯ ಕಡ್ಡಿಯಿಂದ ಒತ್ತಿ ಹಿಡಿಸಬೇಕೆಂದು ಪಾರ್ಕಿನ ಮಾಲಿ ಹೇಳಿಕೊಟ್ಟಿದ್ದ. ಮೂರು ವರ್ಷದಲ್ಲಿ ಸಂತೆಯಿಂದ ತಂದ ಹನ್ನೊಂದು ಎಲೆ ಕೊಳೆತವು. ಸಂತೆಯವಳು ಇವನನ್ನು ಕಂಡರೆ ನಗುತ್ತಿದ್ದಳು. ಹನ್ನೆರಡನೆಯದರ ಗೀರಿನಲ್ಲಿ ಸಾಸಿವೆಯಷ್ಟು ಚಿಗುರು ಎದ್ದಿತು. ಎಲೆಯ ಮೇಲೆ ಹನಿಯೂ ಬೀಳಬಾರದು, ಕುಂಡದ ಅಂಚಿಗೆ ಬೆರಳಿನಿಂದ ನೀರಿಳಿಸಬೇಕು ಎನ್ನುವುದನ್ನು ಅವನಿಗೆ ಕಲಿಸಿದ್ದು ಕೊಳೆತ ಎಲೆಗಳು.

ಎಂಬತ್ತೊಂದರಲ್ಲಿ ಧಣಿ ವಿಷ್ಣುಮೂರ್ತಿ ಆ ಗಿಡವನ್ನು ಹೂವಿನ ಪ್ರದರ್ಶನಕ್ಕೆ ಒಯ್ದರು. ಮೊದಲ ಬಹುಮಾನ ಬಂತು. ಧಣಿ ಹಣ ಎಣಿಸುವ ಗಲ್ಲೆಯ ಮೇಲೆ, ದೇವರ ಪಟಗಳ ಕೆಳಗೆ, ಕುಂಡದ ಜೊತೆ ಬೆಳೆಸಿದವರ ಹೆಸರಿನ ಇಂಗ್ಲಿಷ್ ಚೀಟಿಯೊಂದು ಕೂತಿತು. ಸುಬ್ರಾಯನಿಗೆ ಇಂಗ್ಲಿಷಿನಲ್ಲಿ ಓದಲು ಬರುತ್ತಿದ್ದುದು ತಿಂಡಿಯ ಬೋರ್ಡು ಮತ್ತು ಧಣಿಯ ಹೆಸರು. ಅಷ್ಟೇ ಸಾಕಾಯಿತು.

ಅವನು ನುಂಗಿಕೊಂಡ. ಆದರೆ ಧಣಿ ಬೆಳಿಗ್ಗೆ ಪೂಜೆ ಮುಗಿಸಿ, ತುಳಸಿಗೆ ಹಾಕಿದ ಹಾಗೆ, ಗಿಡದ ನೆತ್ತಿಗೇ ತೀರ್ಥ ಸುರಿಯತೊಡಗಿದರು. ಬೇಡ ಎಂದು ಸುಬ್ರಾಯ ಎರಡು ಸಲ ಹೇಳಿದ.

"ದೇವರ ನೀರಿಗೆ ಎಲ್ಲಿಯಾದರೂ ಕೊಳೆಯುದುಂಟನಾ?" ಎಂದು ಅವರು ನಕ್ಕಿದ್ದರು.

ಹತ್ತು ದಿನಕ್ಕೆ ಗಿಡದ ನಡು ಕಪ್ಪು ಲೋಳೆಯಾಯಿತು. ಇವತ್ತು ಫೋಟೋ ತೆಗೆಯಲು ಪತ್ರಿಕೆಯವರು ಬರುವ ದಿನ. ಧಣಿ ಅಡುಗೆಮನೆಗೇ ಬಂದರು.

"ಕಿಟಕಿಯಲ್ಲಿ ಅದರ ಮರಿ ಉಂಟಲ್ಲ ಸುಬ್ರಾಯ, ತಂದಿಡು."

"ಇಡ್ತೇನೆ. ಚೀಟಿಯಲ್ಲಿ ನನ್ನ ಹೆಸರು ಬರೆಸಿ."

"ಹೆಸರಾ? ಕುಂಡ ಹೋಟೆಲಿದ್ದು, ಮರಳು ಹೋಟೆಲಿದ್ದು, ಹಬೆ ಸಹ ಹೋಟೆಲಿದ್ದು. ನಾಳೆ ಇಡ್ಲಿಗೂ ನಿನ್ನ ಹೆಸರು ಇಡುದಾ?"

"ಹನ್ನೊಂದು ಎಲೆ ಕೊಳೆಸಿ ಕಲಿತದ್ದು ನಾನು."

"ಕೊಳೆಸ್ಲಿಕ್ಕೆ ನನಗೂ ಬರ್ತದೆ, ನೋಡಿದ್ಯಲ್ಲ!"

ಐತಪ್ಪನಿಗೂ ನಗು ತಡೆಯಲಾಗಲಿಲ್ಲ. ಸುಬ್ರಾಯನ ಕಿವಿ ಬಿಸಿಯಾಯಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಧಣಿ ತಾವೇ ಮರಿಯ ಕುಂಡವನ್ನು ಎತ್ತಿಕೊಂಡು ಮುಂದಕ್ಕೆ ನಡೆದಿದ್ದರು. ಹಿಟ್ಟಿನ ಕೈಯಲ್ಲೇ ಅವನೂ ಹಿಂದೆ ಹೋದ.

ಪತ್ರಿಕೆಯವನು ಕುಂಡಕ್ಕೆ ಕಣ್ಣು ತಾಗುವಷ್ಟು ಬಗ್ಗಿದ. ಈ ಸೆಕೆಯಲ್ಲಿ ಇದನ್ನು ಹೇಗೆ ಬದುಕಿಸಿದಿರಿ, ನೀರು ಹೇಗೆ ಹಾಕುತ್ತೀರಿ ಎಂದು ತಮಿಳಿನಲ್ಲಿ ಕೇಳಿದ. ಧಣಿ ಎದೆಯುಬ್ಬಿಸಿ ಶುರುಮಾಡಿದರು: ಬೆಳಿಗ್ಗೆ ಪೂಜೆ ಆದ ಮೇಲೆ, ತಲೆಯ ಮೇಲೆ... ಅಲ್ಲಿಗೆ ನಿಂತರು. ಸತ್ತ ಗಿಡದ ಕುಂಡ ಗಲ್ಲೆಯ ಕೆಳಗೆ ಅವರ ಕಾಲಿಗೇ ತಾಗುತ್ತಿತ್ತು.

"ಸುಬ್ರಾಯ," ಎಂದರು, ದನಿ ಈಗ ಬೆಣ್ಣೆ. "ಸ್ವಲ್ಪ ಹೇಳು ಮಾರಾಯ ಇವರಿಗೆ. ನಾವು ನೀರು ಹೇಗೆ ಹಾಕುದು ಅಂತ."

ಪತ್ರಿಕೆಯವನು ಪೆನ್ನು ಹಿಡಿದು ಸುಬ್ರಾಯನ ಕಡೆಗೆ ತಿರುಗಿದ. ಆರು ವರ್ಷ ಯಾರೂ ಕೇಳದೆ ಇದ್ದ ಪ್ರಶ್ನೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಸುಬ್ರಾಯ ಕೈಯನ್ನು ಪಂಚೆಗೆ ಒರಸಿಕೊಂಡ. ಚೀಟಿಯನ್ನು ಪಕ್ಕಕ್ಕೆ ಸರಿಸಿ, ಎಲೆಗೆ ಕೈ ತಾಗದ ಹಾಗೆ ಕುಂಡವನ್ನು ಎದೆಗೆ ಎತ್ತಿಕೊಂಡ.

"ಹಾಂ, ಹಾಗೆ ಹಿಡಿದುಕೊಂಡೇ ಹೇಳು. ಮೊದಲು ನೀರು... ಹೇ, ಎಲ್ಲಿಗೆ? ಅವರು ಕೇಳ್ತಾ ಇದ್ದಾರೆ! ಆಯ್ತು, ಹೆಸರು ಬರೆಸುವ ಮಾರಾಯ, ಕೆಳಗೆ ಸಣ್ಣಕ್ಕೆ... ಸುಬ್ರಾಯ! ಹಂಡೆ ಒಲೆಯ ಮೇಲುಂಟು, ಇಡ್ಲಿ ಯಾರು..."

ಸುಬ್ರಾಯ ಆಗಲೇ ಮೆಟ್ಟಿಲಿಳಿದು, ಎಲೆಗೆ ಬಿಸಿಲು ತಾಗದಂತೆ ಹೆಗಲ ಮೇಲಿನ ಬೈರಾಸನ್ನು ಅಡ್ಡ ಹಿಡಿದು, ಸ್ಟೇಷನ್ನಿನ ಕಡೆಗೆ ನಡೆಯುತ್ತಿದ್ದ.