ಬಸಳೆ ಚಪ್ಪರದ ಪ್ರವಾದಿ

ಬಸಳೆಗೆ ನೀರು ಹಾಕುವಾಗ ನನ್ನ ಮುಖದಲ್ಲಿ ಮೂಡುವ ವಾತ್ಸಲ್ಯದಲ್ಲಿ ಕಾಲುಭಾಗವಾದರೂ ಮನೆಯವರ ಪಾಲಿಗೆ ಬಂದರೆ ತಾನು ಇನ್ನೂ ಹತ್ತು ವರ್ಷ ಹೆಚ್ಚಿಗೆ ಬದುಕಿಯೇನು ಎಂದು ನನ್ನ ಹೆಂಡತಿ ಸುಶೀಲ ಹೇಳುತ್ತಿದ್ದಳು. ಅದರಲ್ಲಿ ಅತಿಶಯೋಕ್ತಿ ಇದೆಯೆಂದು ನಾನು ವಾದಿಸುತ್ತಿದ್ದೆನಾದರೂ, ವಾದಿಸುವಾಗಲೂ ಕೈಯಲ್ಲಿ ನೀರಿನ ಚೆಂಬು ಇರುತ್ತಿದ್ದುದರಿಂದ ನನ್ನ ಮಾತಿಗೆ ಬೆಲೆ ಬರುತ್ತಿರಲಿಲ್ಲ. ಅಲೆವೂರಿನ ನಮ್ಮ ಮನೆಯ ಹಿಂದೆ, ಬಚ್ಚಲ ನೀರು ಹರಿದುಹೋಗುವ ಕಡೆ, ಬಿದಿರಿನ ಚಪ್ಪರ ಕಟ್ಟಿ ಹಬ್ಬಿಸಿದ ಬಳ್ಳಿ ಅದು. ಸಿಗಡಿಯ ಜೊತೆ ಸೇರಿದರೆ ಪದಾರ್ಥವಾಗುತ್ತಿತ್ತು, ಅಡಿಯಲ್ಲಿ ಆರಾಮ ಕುರ್ಚಿ ಹಾಕಿದರೆ ನನ್ನ ಅಧ್ಯಯನ ಕೊಠಡಿಯಾಗುತ್ತಿತ್ತು.

ಆಗ ನಾನು ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತ. ಕಾಪು ಕಡೆಯ ನಮ್ಮ ಪುಟ್ಟ ಕ್ರೈಸ್ತ ದೇವಾಲಯದ ಸಭಾಪಾಲಕರಿಗೆ, ಅಂದರೆ ಪಾದ್ರಿಗಳಿಗೆ, ಮೂರು ಊರುಗಳ ಉಸ್ತುವಾರಿ ಇದ್ದುದರಿಂದ, ತಿಂಗಳಿಗೆ ಎರಡು ಭಾನುವಾರ ಧರ್ಮಬೋಧೆಯ ಪ್ರಸಂಗ ಮಾಡುವ ಭಾರ ಸಭಾ ಹಿರಿಯನಾದ ನನ್ನ ಮೇಲೆ ಬೀಳುತ್ತಿತ್ತು. ಬೈಬಲಿನ ಹಳೆಯ ಒಡಂಬಡಿಕೆಯ ದೈವಕೋಪದ ಕಥೆಗಳೆಂದರೆ ನನಗೆ ಪಂಚಪ್ರಾಣ. ನೋಹನ ನಾವೆಯ ಬಾಗಿಲು ಮುಚ್ಚಿಕೊಂಡದ್ದು, ಸೊದೋಮಿನ ಮೇಲೆ ಗಂಧಕ ಸುರಿದದ್ದು, ಫರೋಹನ ರಥಗಳ ಮೇಲೆ ಕೆಂಪು ಸಮುದ್ರ ಮಗುಚಿ ಬಿದ್ದದ್ದು, ಇವನ್ನೆಲ್ಲ ಮುಂದಿನ ಬೆಂಚಿನ ಅಜ್ಜಿಯಂದಿರು ಸೆರಗು ಬಿಗಿಹಿಡಿದುಕೊಳ್ಳುವಷ್ಟು ರಸವತ್ತಾಗಿ ವರ್ಣಿಸುತ್ತಿದ್ದೆ. ಓದುಗ ಮಿತ್ರರೇ, ನಿಮ್ಮಲ್ಲಿ ಈಗ ಒಪ್ಪಿಕೊಳ್ಳುತ್ತೇನೆ. ಆ ಕಥೆಗಳಲ್ಲಿ ನಾನು ಸದಾ ಆಚೆ ದಡ ಸೇರಿದವರ ಪೈಕಿ. ಮುಳುಗುವವರು ಯಾವಾಗಲೂ ಬೇರೆ ಯಾರೋ.

ಆ ಬೇರೆ ಯಾರಿಗೋ ನಾಲ್ಕು ವರ್ಷ ಒಂದೇ ಮುಖವಿತ್ತು. ಅದು ದೇವದಾಸನದು. ವಾರವಿಡೀ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಮೆಕ್ಯಾನಿಕ್, ಭಾನುವಾರ ನಮ್ಮ ದೇವಾಲಯದ ಆರ್ಗನ್ ವಾದಕ, ಮತ್ತು ಭಾನುವಾರ ಶಾಲೆಯಿಂದ ನನ್ನ ಗೆಳೆಯ. ಹೊಸ ಶತಮಾನ ಹುಟ್ಟುವ ಮುಂಚಿನ ವರ್ಷ ನನ್ನ ಮಗಳ ಮದುವೆಗೆ ಅವನು ಮೂಗಿನ ಮಟ್ಟ ಕುಡಿದು ಬಂದ. ಮದುಮಗಳು ಬಾಗಿಲಲ್ಲಿ ಕಾಲಿಟ್ಟಾಗ ಶವಸಂಸ್ಕಾರದ ಗೀತೆ ನುಡಿಸಿದ. ಇಬ್ಬರು ಮುದುಕಿಯರು ಅಭ್ಯಾಸಬಲದಿಂದ ಕರವಸ್ತ್ರ ತೆಗೆದು ಅಳಲಾರಂಭಿಸಿದರು. ಮೂರನೆಯ ಚರಣಕ್ಕೆ ಬೆಂಚು ಸಮೇತ ಹಿಂದಕ್ಕೆ ಉರುಳಿದ. ಮಗಳು ಅದೇ ಸಂಜೆ ಹೊಟ್ಟೆ ಹುಣ್ಣಾಗುವಂತೆ ನಕ್ಕಳು, ಅಳಿಯನೂ ನಕ್ಕ. ನಾನು ಮಾತ್ರ ನಗಲಿಲ್ಲ. ಮುಂದಿನ ಕಮಿಟಿಯಲ್ಲಿ ಪಟ್ಟುಹಿಡಿದು ಅವನನ್ನು ಆರ್ಗನ್ನಿನಿಂದಲೂ, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಿಂದಲೂ ಹೊರಗಿಡಿಸಿದೆ. ಅಂದಿನಿಂದ ಅವನ ಹೆಂಡತಿ ಕಮಲ ಒಬ್ಬಳೇ ಬಂದು, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ಮೊಣಕಾಲೂರುತ್ತಿದ್ದಳು. ಅದನ್ನು ನೋಡಬಾರದೆಂದು ನಾನು ಕಣ್ಣುಮುಚ್ಚಿ ಪ್ರಾರ್ಥಿಸುತ್ತಿದ್ದೆ. ಎಲ್ಲರೂ ಅದನ್ನು ಭಕ್ತಿಯೆಂದು ತಿಳಿದಿದ್ದರು.

ನಾಲ್ಕನೆಯ ವರ್ಷ ದೇವದಾಸ ಹಾಸಿಗೆ ಹಿಡಿದ. ಇನ್ನೊಂದು ಹನಿ ಒಳಗೆ ಹೋದರೂ ಜೀವ ಉಳಿಯಲಾರದೆಂದು ಮಣಿಪಾಲದ ವೈದ್ಯರು ಹೇಳಿದರು. ಹತ್ತು ತಿಂಗಳು ಅವನು ಕುಡಿಯಲಿಲ್ಲ. ಆಮೇಲೆ, ತನ್ನನ್ನು ಮತ್ತೆ ಭೋಜನಕ್ಕೆ ಸೇರಿಸಿಕೊಳ್ಳಬೇಕೆಂದು ಸಭೆಗೆ ಅರ್ಜಿ ಬರೆದ. ನಮ್ಮಲ್ಲಿ ಅದಕ್ಕೊಂದು ಕ್ರಮವಿದೆ. ಮದುವೆಗೆ ಮುಂಚೆ ವಧೂವರರ ಹೆಸರು ಓದುವ ಹಾಗೆ, ಮೂರು ಭಾನುವಾರ ಆರಾಧನೆಯಲ್ಲಿ ಅರ್ಜಿದಾರನ ಹೆಸರು ಓದುತ್ತಾರೆ. ಆಕ್ಷೇಪವಿದ್ದವರು ಎದ್ದು ಹೇಳಬಹುದು. ಯಾರೂ ಏಳದಿದ್ದರೆ ಮೂರನೆಯ ಭಾನುವಾರದ ಭೋಜನಕ್ಕೆ ಆತ ಬರಬಹುದು. ನಾನು ಎರಡು ಹಾಳೆಗಳ ಆಕ್ಷೇಪವನ್ನು ಸಮಾಸಭೂಯಿಷ್ಠವಾದ ಗದ್ಯದಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಪರಿಣಾಮ ಹೆಚ್ಚಲೆಂದು ಮೂರನೆಯ ಭಾನುವಾರಕ್ಕೇ ಕಾದಿರಿಸಿದ್ದೆ.

ಎರಡನೆಯ ಭಾನುವಾರ ಕಳೆದ ಮರುದಿನ ಬಸಳೆ ಬಾಡಿತು. ಬೆಳಿಗ್ಗೆ ನೋಡಿದರೆ ಚಪ್ಪರದ ಎಲೆಗಳೆಲ್ಲ ಜೋತುಬಿದ್ದಿದ್ದವು. ಬುಡ ಕೆದಕಿದಾಗ ಕಿರುಬೆರಳುದ್ದದ ಒಂದು ಹುಳ ಕಾಂಡವನ್ನು ಟೊಳ್ಳು ಮಾಡಿ ಸುಖವಾಗಿ ಮಲಗಿತ್ತು. ಬೂದಿ ಹಾಕಿದೆ, ಬೇವಿನ ಹಿಂಡಿ ಹಾಕಿದೆ, ಶಾಲೆಗೆ ಒಂದು ದಿನ ರಜೆಯನ್ನೂ ಹಾಕಿದೆ. ಮೂರನೆಯ ದಿನ ಬಳ್ಳಿ ಒಣಗಿತು. ಬಿಸಿಲು ನೇರ ನೆತ್ತಿಗೆ ಹೊಡೆಯುತ್ತಿದ್ದರೂ ನಾನು ಹಟಕ್ಕೆ ಅದೇ ಕುರ್ಚಿಯಲ್ಲಿ ಕೂತು, ಊಟ ಬೇಡವೆಂದೆ.

ಸುಶೀಲ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು.

"ಎಂತ ನಿಮ್ಮದು? ಒಂದು ಬಸಳೆಗೆ ಮೂರು ದಿನದಿಂದ ಅನ್ನ ಇಳಿಯುವುದಿಲ್ಲ. ದೇವದಾಸಣ್ಣ ನಾಲ್ಕು ವರ್ಷದಿಂದ ಹೊರಗೆ ಇದ್ದಾರಲ್ಲ, ಅದಕ್ಕೆ ಒಂದು ಹೊತ್ತು ಆದರೂ ಊಟ ಬಿಟ್ಟಿದ್ದೀರಾ?"

ಅಷ್ಟು ಹೇಳಿ ಒಳಗೆ ಹೋದಳು. ಬೈಬಲಿನ ಯಾವ ಭಾಗವನ್ನು ತಾನು ಹೇಳಿದೆನೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ ನಾನು ಇವತ್ತಿಗೂ ಕೇಳಿಲ್ಲ. ಪ್ರವಾದಿ ಯೋನನ ಕಥೆಯನ್ನು ನಾನು ಭಾನುವಾರ ಶಾಲೆಯ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ನನ್ನ ಕಥೆ ಯಾವಾಗಲೂ ಮೀನಿನ ಹೊಟ್ಟೆಯಿಂದ ಅವನು ಹೊರಬಿದ್ದಲ್ಲಿಗೆ ಮುಗಿಯುತ್ತಿತ್ತು. ಅದರಾಚೆಯದನ್ನು ಹೇಳಲು ನನಗೆ ಹುರುಪಿರಲಿಲ್ಲ. ಏಕೆಂದರೆ ಅಲ್ಲಿ, ಅಳಿಯುತ್ತದೆಂದು ಅವನು ಸಾರಿದ ನಿನೆವೆ ಪಟ್ಟಣ ನಾಶವಾಗುವುದಿಲ್ಲ. ಊರವರು ತಪ್ಪೊಪ್ಪಿಕೊಳ್ಳುತ್ತಾರೆ, ದೇವರು ಕ್ಷಮಿಸಿಬಿಡುತ್ತಾನೆ, ಪ್ರವಾದಿ ಮಾತ್ರ ಮುಖ ಊದಿಸಿಕೊಂಡು ಊರಾಚೆ ಕೂರುತ್ತಾನೆ. ನೆರಳಿಗೆ ಒಂದು ಬಳ್ಳಿ ಹಬ್ಬುತ್ತದೆ, ಹುಳ ಕಡಿದು ಅದು ಒಣಗುತ್ತದೆ, ಬಳ್ಳಿಗಾಗಿ ಅವನು ಸಾಯಲೂ ಸಿದ್ಧನಾಗುತ್ತಾನೆ. ಆಗ ದೇವರು, ಬಳ್ಳಿಗೆ ನೀನು ಇಷ್ಟು ಮರುಗುವಾಗ, ನಾನು ಈ ಜನಕ್ಕಾಗಿ ಮರುಗಬಾರದೇ ಎಂದು ಕೇಳುತ್ತಾನೆ. ಕಥೆ ಅಲ್ಲಿಗೇ ನಿಲ್ಲುತ್ತದೆ. ಯೋನ ಏನು ಉತ್ತರ ಕೊಟ್ಟನೆಂದು ಬರೆದಿಲ್ಲ. ಉತ್ತರವಿಲ್ಲದ ಪತ್ರಿಕೆಗೆ ಸೊನ್ನೆ ಹಾಕಿ ಅಭ್ಯಾಸವಾದ ಮೇಷ್ಟ್ರಿಗೆ, ಆ ಖಾಲಿ ಜಾಗ ತನಗೇ ಬಿಟ್ಟದ್ದೆಂದು ಹೊಳೆಯಲು ಐವತ್ತೆರಡು ವರ್ಷ ಬೇಕಾಯಿತು. ನನಗೆ ನಾಚಿಕೆಯಾಯಿತು. ದೇವದಾಸ ನೆನಪಾಗಿ ದುಃಖವೂ ಆಯಿತು.

ಆಮೇಲೆ ಹೊಸ ಚಿಂತೆ ಹತ್ತಿತು. ಭೋಜನದ ದ್ರಾಕ್ಷಾರಸ ಮಾಡುವುದು ಹಿರಿಯರ ಮನೆಯ ಕೆಲಸ. ದ್ರಾಕ್ಷಿಗೆ ಗೋಧಿ, ಸಕ್ಕರೆ, ಲವಂಗ ಹಾಕಿ ತಿಂಗಳುಗಟ್ಟಲೆ ಭರಣಿಯಲ್ಲಿಟ್ಟ ಸುಶೀಲಳ ವೈನು ಸುತ್ತಮುತ್ತ ಹೆಸರಾದದ್ದು, ಗಂಟಲಲ್ಲಿ ಚುರುಕ್ಕೆನ್ನುವಂಥದ್ದು. ದೇವದಾಸನಿಗೆ ಅದರ ಒಂದು ಹನಿಯೂ ಸಲ್ಲದು. ಅವನಿಗೊಬ್ಬನಿಗೇ ಬೇರೆ ಲೋಟ ಕೊಟ್ಟರೆ, ಒಳಗೆ ಕರೆದೂ ಹೊರಗಿಟ್ಟಂತೆ. ನಾನು ಶುಕ್ರವಾರ ಉಡುಪಿಯ ಮಾರುಕಟ್ಟೆಯಿಂದ ಆರು ಕಿಲೋ ಕಪ್ಪು ದ್ರಾಕ್ಷಿ ಹೊತ್ತು ತಂದೆ. ಸುಶೀಲ ಚೀಲವನ್ನೂ ನನ್ನನ್ನೂ ನೋಡಿದಳು. ಅಟ್ಟದಿಂದ ದೊಡ್ಡ ಪಾತ್ರೆ ಇಳಿಸಿದಳು. ಶನಿವಾರವೆಲ್ಲ ಇಬ್ಬರೂ ಸೇರಿ ಕುದಿಸಿ ಸೋಸಿದೆವು. ಭರಣಿಯ ಬಾಯಿಬಟ್ಟೆ ಬಿಚ್ಚಲಿಲ್ಲ.

ಭಾನುವಾರ ಸಭಾಪಾಲಕರು ಮೂರನೆಯ ಸಲ ದೇವದಾಸನ ಹೆಸರು ಓದಿ ನಿಲ್ಲಿಸಿದರು. ಸಭೆಯ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ನಾನು ಕೂತೇ ಇದ್ದೆ. ನನ್ನ ಪ್ರಸಂಗಗಳಲ್ಲೆಲ್ಲ ಅತ್ಯುತ್ತಮವಾದದ್ದು ಬಹುಶಃ ಅದೇ.

ಪುಟ್ಟ ಲೋಟಗಳ ತಟ್ಟೆ ಹಿಡಿಯುವುದು ನನ್ನ ಸರದಿಯಾಗಿತ್ತು. ಮೊದಲ ಸಾಲಿನವರು ಒಂದು ಗುಟುಕು ಕುಡಿದು, ಈ ಸಲ ಸುಶೀಲಳ ಕೈಗೆ ಏನಾಯಿತೆಂಬಂತೆ ಮುಖ ಮುಖ ನೋಡಿಕೊಂಡರು. ಎರಡನೆಯ ಸಾಲಿನಲ್ಲಿ ಕಮಲ, ಅವಳ ಪಕ್ಕದಲ್ಲಿ ದೇವದಾಸ. ಅಂಗಿ ದೊಡ್ಡದಾಗಿ ಮೈ ಸಣ್ಣದಾಗಿತ್ತು. ತಟ್ಟೆಯತ್ತ ಅರ್ಧ ಬಂದ ಅವನ ಕೈ ಅಲ್ಲೇ ನಿಂತಿತು. ಅವನ ಕಣ್ಣಲ್ಲಿದ್ದದ್ದು ಬರಿಯ ಭಯ. ನಾನು ಬಗ್ಗಿ ಅವನ ಕಿವಿಯಲ್ಲಿ ಹೇಳಿದೆ:

"ಹೆದರಬೇಡ ಮಾರಾಯ. ಬರೇ ದ್ರಾಕ್ಷಿ ಕುದಿಸಿದ್ದು. ಇವತ್ತು ಎಲ್ಲರಿಗೂ ಇದೇ."

ಅವನು ನನ್ನನ್ನು ನೋಡಿದ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಕೈಗಳಲ್ಲಿದ್ದ ಲೋಟಗಳನ್ನು ನೋಡಿದ. ಆಮೇಲೆ ತನ್ನದನ್ನು ಎತ್ತಿ ಕುಡಿದ.

"ಸಿಹಿ ಉಂಟು," ಎಂದ. ನಾಲ್ಕು ವರ್ಷಗಳ ನಂತರ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.

ಆ ಸಂದರ್ಭಕ್ಕೆ ತಕ್ಕ, ಪಂಡಿತನಿಗೆ ಭೂಷಣವಾದ ಒಂದು ವಾಕ್ಯವನ್ನು ಹೇಳಲೆಂದು ಬಾಯಿ ತೆರೆದೆ. ಆದರೆ ಕೊನೆಗೆ ಹೊರಬಂದದ್ದು, ಮನೆಗೆ ಬಂದ ನೆಂಟನನ್ನು ಕೇಳುವ ಹಾಗೆ, "ಇನ್ನೊಂದು ಲೋಟ ಬೇಕಾ?"