ಮುಯ್ಯಾಳಿಗೆ ಕಟ್ಟಿದ ಬೆಲೆ

ಮದ್ದೂರಿನ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಇಪ್ಪತ್ತೆರಡು ವರ್ಷವಾಯಿತು. ಬೇಡಿಕೆ, ಪೂರೈಕೆ, ಅವಕಾಶ ವೆಚ್ಚ ಎಂದು ಬೋರ್ಡಿನ ಮೇಲೆ ಬರೆದೂ ಬರೆದೂ ಬಲಗೈ ಹೆಗಲು ಹಿಡಿದುಕೊಂಡಿದೆ. ನನ್ನ ಪಾಠದಿಂದ ಮಕ್ಕಳಿಗೆ ಕೆಟ್ಟದ್ದೇನೂ ಆಗಿಲ್ಲ. ಬಹಳ ಮಂದಿ ಪರೀಕ್ಷೆ ಮುಗಿದ ದಿನವೇ ಅದನ್ನು ಮರೆತಿರುತ್ತಾರೆ. ಕೆಟ್ಟದ್ದಾದದ್ದು ನನ್ನ ಅತ್ತಿಗೆಗೆ, ನಾನು ಒಂದು ಸಂಜೆ ಕಾಲೇಜಿನ ಹೊರಗೂ ಪಾಠ ಮಾಡಲು ಹೋಗಿದ್ದರಿಂದ.

ನಮ್ಮೂರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಸ್ವಲ್ಪ ಒಳಗಿದೆ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಒಬ್ಬಳೇ ಒಂದು ಎಕರೆ ಗದ್ದೆ ಮಾಡಿಕೊಂಡಿದ್ದಳು. ನಾಲೆ ನೀರಿಗೆ ಅದು ಕಟ್ಟಕಡೆಯ ಗದ್ದೆ. ಮೇಲಿನವರೆಲ್ಲ ಹರಿಸಿಕೊಂಡು ಬಿಟ್ಟ ಮೇಲೆ ಅಲ್ಲಿಗೆ ನೀರು. ಹಾಗಾಗಿ ಅವಳ ನಾಟಿ ಪ್ರತಿ ವರ್ಷವೂ ಊರಲ್ಲಿ ಕೊನೆಯದು. ಇದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಬೇಕಾದ ಹೊತ್ತಿಗೆ ಮರೆತದ್ದೂ ಇದನ್ನೇ.

ನಾಟಿ ನಡೆಯುತ್ತಿದ್ದದ್ದು ಮುಯ್ಯಾಳಿನಲ್ಲಿ. ಅತ್ತಿಗೆಯೂ ಸೇರಿ ಒಂಬತ್ತು ಮನೆಯ ಹೆಂಗಸರ ಗುಂಪು. ಇವತ್ತು ಒಬ್ಬಳ ಗದ್ದೆ, ನಾಳೆ ಇನ್ನೊಬ್ಬಳದ್ದು. ಕೂಲಿಯ ಮಾತಿಲ್ಲ, ದಿನಕ್ಕೆ ದಿನ. ಗದ್ದೆಯವರು ಊಟ ಕೊಟ್ಟರೆ ಮುಗಿಯಿತು. ಬಾರದೆ ತಪ್ಪಿಸಿಕೊಂಡವಳಿಗೆ ಶಿಕ್ಷೆಯೇನೂ ಇರಲಿಲ್ಲ. ಸಂಜೆ ಡೈರಿಗೆ ಹಾಲು ಹಾಕಲು ಬಂದಾಗ ಸಾಲಿನಲ್ಲಿ ಪಕ್ಕ ನಿಂತವಳು ಅವಳನ್ನು ಮಾತಾಡಿಸುತ್ತಿರಲಿಲ್ಲ, ಅಷ್ಟೇ. ಅದನ್ನು ತಡೆಯಲಾರದೆ ಮಾರನೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗದ್ದೆಯಲ್ಲಿ ಇರುತ್ತಿದ್ದಳು. ಅತ್ತಿಗೆಗೆ ವರ್ಷದ ಅಕ್ಕಿಯೂ ಊರಲ್ಲಿ ತಲೆಯೆತ್ತಿ ಓಡಾಡುವ ಧೈರ್ಯವೂ ಬರುತ್ತಿದ್ದದ್ದು ಆ ಗುಂಪಿನಿಂದ.

ಆಮೇಲೆ ಹೆಂಗಸರಿಗೆ ಬಸ್ಸು ಫ್ರೀ ಆಯಿತು. ಅದು ಒಳ್ಳೆಯ ಯೋಜನೆ ಎಂದು ಆಗಲೂ ಕ್ಲಾಸಿನಲ್ಲಿ ಹೇಳಿದ್ದೆ, ಈಗಲೂ ಹೇಳುತ್ತೇನೆ. ಬಸ್ ಚಾರ್ಜಿಗೆ ಹೋಗುತ್ತಿದ್ದ ದುಡ್ಡು ಉಳಿದದ್ದರಿಂದ ಮದ್ದೂರು ಕಡೆಯ ಗಾರ್ಮೆಂಟ್ಸ್ ಕೆಲಸ ನಮ್ಮೂರ ಹೆಂಗಸರಿಗೂ ಗಿಟ್ಟತೊಡಗಿತು. ಗುಂಪಿನಲ್ಲಿ ಐದಾರು ಜನ ಸೇರಿಕೊಂಡರು. ಅಲ್ಲಿಗೆ ಎಲ್ಲರ ದಿನವೂ ಒಂದೇ ತೂಕದ್ದಾಗಿ ಉಳಿಯಲಿಲ್ಲ. ಗದ್ದೆಗೆ ಬಂದರೆ ಕೆಲವರಿಗೆ ಒಂದು ದಿನದ ಸಂಬಳ ಹೋಗುತ್ತಿತ್ತು, ಕೆಲವರಿಗೆ ಏನೂ ಹೋಗುತ್ತಿರಲಿಲ್ಲ. ಮುಯ್ಯಾಳಿಗೆ ಚಕ್ಕರ್ ಹೊಡೆಯುವುದು ಶುರುವಾಯಿತು. ಹೋದ ವರ್ಷ ತನ್ನ ಗದ್ದೆಗೆ ಇಬ್ಬರು ಕಡಿಮೆ ಬಂದರು ಎಂದು ಅತ್ತಿಗೆ ನಮ್ಮ ಅಡುಗೆಮನೆ ಬಾಗಿಲಲ್ಲಿ ಕೂತು ಹೇಳಿಕೊಂಡಳು.

ನನಗೆ ಒಳಗೊಳಗೇ ಖುಷಿಯಾಯಿತು. ಇದನ್ನು ಹೇಳಿಕೊಳ್ಳಲು ನಾಚಿಕೆ, ಆದರೂ ನಿಜ. ಇಷ್ಟು ವರ್ಷ ಓದಿದ್ದು ಕೊನೆಗೂ ಮನೆಯವರಿಗೆ ಉಪಯೋಗಕ್ಕೆ ಬಂತಲ್ಲ ಅನ್ನಿಸಿತು. ತಪ್ಪಿಸಿಕೊಂಡರೆ ಕೈಯಿಂದ ಏನಾದರೂ ಹೋಗಬೇಕು, ಆಗ ತಪ್ಪಿಸಿಕೊಳ್ಳುವುದಿಲ್ಲ ಎಂದು ಡೈರಿ ಜಗುಲಿಯ ಮೇಲೆ ಗುಂಪಿನವರನ್ನೆಲ್ಲ ಕೂರಿಸಿ ಬಿಡಿಸಿ ಹೇಳಿದೆ. ಬಾರದವಳು ಗದ್ದೆಯವಳಿಗೆ ಮುನ್ನೂರು ರೂಪಾಯಿ ದಂಡ ಕೊಡಬೇಕು. ಎಲ್ಲರೂ ತಲೆಯಾಡಿಸಿದರು. ಒಪ್ಪುವುದಕ್ಕೆ ಇಷ್ಟು ಬೇಗ ಏಕೆ ತಯಾರಾದರು ಎಂದು ನಾನು ಒಂದು ಕ್ಷಣ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಅತ್ತಿಗೆ ಎದ್ದು ಹೋಗುವಾಗ, ಮೈದುನ ಮೇಷ್ಟ್ರಾಗಿದ್ದು ಸಾರ್ಥಕ ಅನ್ನುವ ಹಾಗೆ ನನ್ನ ಕಡೆ ನೋಡಿದಳು.

ಈ ವರ್ಷ ನಾಲೆಗೆ ನೀರು ಬಿಟ್ಟರು. ಮೇಲಿನ ಗದ್ದೆಗಳ ನಾಟಿ ಚೆನ್ನಾಗಿಯೇ ನಡೆಯಿತು. ಅತ್ತಿಗೆ ಎಂಟು ಮನೆಗೂ ಎಂಟು ದಿನ ಹೋಗಿ ಬಂದಳು. ಒಂದು ದಿನ ಜ್ವರವಿದ್ದರೂ ಮಾತ್ರೆ ನುಂಗಿ ಹೋದಳು, ದಂಡಕ್ಕೆ ಹೆದರಿ ಅಲ್ಲ, ತನ್ನ ಸರದಿ ಕೊನೆಗಿದೆ ಎಂದು. ಅವಳ ಗದ್ದೆ ಉತ್ತು ಕೆಸರು ಹದವಾಗಿತ್ತು. ಒಟ್ಲಿನಲ್ಲಿ, ಅಂದರೆ ಸಸಿಮಡಿಯಲ್ಲಿ, ಪೈರು ಆಳೆತ್ತರಕ್ಕೆ ಹೊರಟಂತೆ ಬೆಳೆದು ನಿಂತಿತ್ತು. ಇನ್ನು ಐದು ದಿನಕ್ಕೆ ಈ ಸರದಿಯ ನಾಲೆ ನೀರು ನಿಲ್ಲಿಸುತ್ತಾರೆ, ಮತ್ತೆ ಬಿಡುವುದು ತಡ ಎಂದು ನೀರುಗಂಟಿ ಹೇಳಿ ಹೋಗಿದ್ದ.

ಅವಳ ಸರದಿಯ ಬೆಳಿಗ್ಗೆ ಗದ್ದೆಗೆ ಬಂದವರು ಇಬ್ಬರು, ಅವರ ದಿನ ಪೈರು ಕೀಳುವುದರಲ್ಲೇ ಮುಗಿಯಿತು. ಉಳಿದ ಆರು ಜನ ಹಿಂದಿನ ಸಂಜೆಯೇ ಅವಳ ಮನೆಗೆ ಬಂದು, ನಗುನಗುತ್ತ, ಮುನ್ನೂರು ಮುನ್ನೂರು ಕೈಗೆ ಕೊಟ್ಟು ಹೋಗಿದ್ದರು. ಒಬ್ಬಳಿಗೂ ತಪ್ಪು ಮಾಡಿದ ಮುಖವಿರಲಿಲ್ಲ. ನಾನು ಓಡಿಹೋಗಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳನ್ನು ಹಿಡಿದು ಹೀಗೆ ಮಾಡಬಹುದೇ ಎಂದು ಕೇಳಿದೆ. ಅವಳಿಗೆ ನಿಜಕ್ಕೂ ನನ್ನ ಸಿಟ್ಟು ಅರ್ಥವಾಗಲಿಲ್ಲ.

"ದಂಡ ಕೊಟ್ಟಿವ್ನಿ ಕಣ್ ಮೇಷ್ಟ್ರೇ. ಇನ್ನೇನೈತೆ ಬಾಕಿ?"

ಅವಳು ಬಸ್ಸು ಹತ್ತಿದಳು. ನಾನು ಅಲ್ಲೇ ನಿಂತೆ. ಮೊದಲು ತಪ್ಪಿಸಿಕೊಂಡವಳು ಡೈರಿ ಸಾಲಿನಲ್ಲಿ ತಲೆ ತಗ್ಗಿಸಬೇಕಿತ್ತು. ಅದಕ್ಕಿಂತ ದೊಡ್ಡ ದಂಡ ಯಾವುದಿತ್ತು? ನಾನು ಅದನ್ನು ಕಿತ್ತುಹಾಕಿ, ಅದರ ಜಾಗದಲ್ಲಿ ಮುನ್ನೂರು ರೂಪಾಯಿ ಇಟ್ಟಿದ್ದೆ. ಗಾರ್ಮೆಂಟ್ಸಿನ ದಿನಗೂಲಿಗಿಂತ ಅದು ಕಡಿಮೆ. ನನ್ನ ಕ್ಲಾಸಿನ ಕೊನೆ ಬೆಂಚಿನವರೂ ಈ ಲೆಕ್ಕವನ್ನು ಸರಿಯಾಗಿ ಮಾಡುತ್ತಿದ್ದರು.

ಆ ಸಂಜೆಯೇ ಡೈರಿ ಮುಂದೆ ನಿಂತು ದಂಡ ರದ್ದು, ಹಿಂದಿನ ಹಾಗೇ ನಡೆಯಲಿ, ದುಡ್ಡು ವಾಪಸ್ಸು ಕೊಡಿಸುತ್ತೇನೆ ಎಂದೆ. ಯಾರೂ ಜಗಳವಾಡಲಿಲ್ಲ. ಕ್ಯಾನಿಗೆ ಹಾಲು ಸುರಿದು, ಬರೆಸಿಕೊಂಡು, ಮನೆಗೆ ಹೋದರು. ಎಲ್ಲರ ಗದ್ದೆಯ ನಾಟಿಯೂ ಆಗಿತ್ತು, ಇನ್ನು ಅತ್ತಿಗೆಯ ಆಳು ಯಾರಿಗೂ ಬೇಕಿರಲಿಲ್ಲ. ತಪ್ಪಿಸಿಕೊಂಡರೆ ಎಷ್ಟು ಎನ್ನುವುದು ಒಮ್ಮೆ ತಿಳಿದುಹೋದ ಮೇಲೆ, ಅದನ್ನು ಮರೆಯಿರಿ ಎಂದು ಯಾರಿಗೆ ಹೇಳುವುದು?

ಆಳು ತರುತ್ತೇನೆ, ಕಾಯಿ ಎಂದು ಅತ್ತಿಗೆಗೆ ಹೇಳಿ, ಉಳಿದ ನಾಲ್ಕು ದಿನದಲ್ಲಿ ಮೂರು ದಿನ ನಾನು ತಲೆ ಕೆಟ್ಟವನ ಹಾಗೆ ಓಡಾಡಿದೆ. ಕಾಲೇಜಿಗೆ ರಜೆ ಹಾಕಿದೆ. ಮಳವಳ್ಳಿಯಲ್ಲಿ ನಾಟಿಗೆ ಆಳು ಕಳಿಸುವ ಮೇಸ್ತ್ರಿಯೊಬ್ಬನಿದ್ದಾನೆ, ಉತ್ತರದ ಕಡೆಯಿಂದ ಬಂದ ಹುಡುಗರ ತಂಡ ಅವನದು. ಎರಡರಷ್ಟು ಕೊಡುತ್ತೇನೆ ಎಂದೆ. ಒಂದೇ ಕಡೆ ಹತ್ತು ಎಕರೆ ಸಿಕ್ಕರೆ ಹೇಳಿ, ಒಂದು ಎಕರೆಗೆ ಟೆಂಪೋ ತಿರುಗಿಸಿದರೂ ಗಿಟ್ಟುವುದಿಲ್ಲ ಎಂದು ಅವನು ನಕ್ಕ. ಬೆಲೆ ಏರಿದರೆ ಪೂರೈಕೆ ಏರುತ್ತದೆ ಎಂದು ಸಾವಿರ ಸಲ ಬೋರ್ಡಿನಲ್ಲಿ ಗೆರೆ ಎಳೆದಿದ್ದೇನೆ. ನಾಲ್ಕು ದಿನದಲ್ಲಿ ಏರುವುದಿಲ್ಲ ಎಂದು ಯಾವತ್ತೂ ಹೇಳಿರಲಿಲ್ಲ.

ಅಲ್ಲಿಂದ ಮಂಡ್ಯಕ್ಕೆ, ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋದೆ. ನಾಟಿ ಮಾಡುವ ಯಂತ್ರವಿದೆ ಎಂದು ಕೇಳಿದ್ದೆ. ವಿಜ್ಞಾನಿಯೊಬ್ಬರು ನನ್ನನ್ನು ಕೂರಿಸಿ ನೀರು ಕೊಟ್ಟರು. ಪೈರು ಎಷ್ಟು ದಿನದ್ದು, ಟ್ರೇನಲ್ಲಿ ಬೆಳೆಸಿದ್ದೋ ಒಟ್ಲಲ್ಲೋ ಎಂದು ವಿಚಾರಿಸಿದರು. ಒಟ್ಲಿನ ಪೈರನ್ನು ಯಂತ್ರ ಹಿಡಿಯುವುದಿಲ್ಲ, ಬಲಿತದ್ದನ್ನಂತೂ ಇಲ್ಲವೇ ಇಲ್ಲ, ಮುಂದಿನ ವರ್ಷ ಟ್ರೇನಲ್ಲಿ ಹಾಕಿಸಿ ಎಂದರು. ಒಳ್ಳೆಯ ಮನುಷ್ಯ. ಅವರಿಗೆ ಥ್ಯಾಂಕ್ಸ್ ಹೇಳುವುದನ್ನೂ ಮರೆತು ಎದ್ದು ಬಂದೆ.

ಗದ್ದೆಯ ಹತ್ತಿರ ಬಂದಾಗ ಅತ್ತಿಗೆ ಬದುವಿನ ಮೇಲೆ ಕೂತಿದ್ದಳು. ಕಿತ್ತ ಪೈರಿನ ಕಟ್ಟುಗಳು ನೀರಿನಲ್ಲಿ ಹಾಗೇ ಇದ್ದವು, ತುದಿ ಹಳದಿ ತಿರುಗುತ್ತಿತ್ತು. ಸಿಗಲಿಲ್ಲ ಎಂದೆ. ಅವಳು ಸೊಂಟದಿಂದ ಎಲೆಅಡಿಕೆ ಚೀಲ ತೆಗೆದು, ಒಳಗಿದ್ದ ನೋಟುಗಳನ್ನು ನನ್ನ ಮುಂದೆ ಹಿಡಿದಳು.

"ನಂಗೆ ದುಡ್ಡು ಬ್ಯಾಡವಾಗಿತ್ತು ಕಣಪ್ಪ, ಆಳು ಬೇಕಾಗಿತ್ತು. ಇವ್ನ ತಕ್ಕೊಂಡೋಗಿ ಗದ್ದೆಗೆ ನಾಟಿ ಆಕ್ಲ?"

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ಮುಂದೇನು ಎಂದು ಕೇಳುತ್ತಿದ್ದಳು. ನನಗೆ ಅಳು ಬಂತು. ಪ್ಯಾಂಟು ಮಡಿಸಿ ಕೆಸರಿಗಿಳಿದೆ. ನನ್ನ ಹೆಂಡತಿಯೂ ಇಳಿದಳು, ಬಂದಿದ್ದ ಇಬ್ಬರು ಹೆಂಗಸರೂ ಮತ್ತೆ ಬಂದರು. ನಾನು ಊರಿದ ಪೈರು ಮಲಗಿಬಿಡುತ್ತಿತ್ತು. ಅತ್ತಿಗೆ ಸುಮ್ಮನೆ ಹಿಂದೆ ಬಂದು ಅದನ್ನು ಕಿತ್ತು ಮತ್ತೆ ಊರುತ್ತಿದ್ದಳು, ಆ ಹೊತ್ತಿನಲ್ಲಿ ಅವಳ ಕೆಲಸವೂ ಹಿಂದೆ ಬೀಳುತ್ತಿತ್ತು. ಕೊನೆಗೆ ನೀನು ಕಟ್ಟು ಎಸೆಯುವುದೊಂದೇ ಮಾಡು ಎಂದಳು. ನೀರು ನಿಂತ ಹೊತ್ತಿಗೆ ಮುಕ್ಕಾಲು ಗದ್ದೆ ಖಾಲಿ ಇತ್ತು. ಊರಿದ ಕಾಲು ಭಾಗವೂ ಬಲಿತ ಪೈರಾದ್ದರಿಂದ ತೆಂಡೆ ಒಡೆದು ಕವಲಾಗಲಿಲ್ಲ. ಒಟ್ಲಿನಲ್ಲಿ ಉಳಿದದ್ದನ್ನು ಅವಳೇ ಕುಯ್ದು ಹಸುವಿಗೆ ಹಾಕಿದಳು.

ತಿಂಗಳೊಳಗೆ ಅತ್ತಿಗೆಯೂ ಗಾರ್ಮೆಂಟ್ಸಿಗೆ ಸೇರಿದಳು. ಹೊಲಿದ ಅಂಗಿಗಳ ದಾರ ಕತ್ತರಿಸುವ ಕೆಲಸ. ಸಂಬಳ ಗದ್ದೆಗಿಂತ ಮೇಲು, ಅದನ್ನು ನಾನು ಒಪ್ಪಲೇಬೇಕು. ಊರಿನ ಅಂಕಿಅಂಶ ಯಾರಾದರೂ ಬರೆದರೆ ಅವಳ ಆದಾಯ ಏರಿದೆ ಎಂದೇ ಬರೆಯುತ್ತಾರೆ.

ಮೊನ್ನೆ ನನ್ನ ಹೆಂಡತಿಗೆ ಮಂಡ್ಯದ ಆಸ್ಪತ್ರೆಯಲ್ಲಿ ಗರ್ಭಕೋಶದ ಆಪರೇಷನ್ ಆಯಿತು. ಹೆಂಗಸರ ವಾರ್ಡು, ಜೊತೆಗೆ ಹೆಂಗಸೇ ಇರಬೇಕು. ಅತ್ತಿಗೆಯನ್ನು ಕೇಳಿದೆ. ಮೂರು ದಿನ ಇದ್ದಳು. ಗಂಜಿ ಕುಡಿಸಿದಳು, ತಲೆ ಬಾಚಿದಳು, ಒಡಹುಟ್ಟಿದವಳಿಗೂ ಯಾರೂ ಅಷ್ಟು ಮಾಡುವುದಿಲ್ಲ. ಡಿಸ್ಚಾರ್ಜಿನ ದಿನ ಗೇಟಿನ ಹತ್ತಿರ, ಔಷಧಿ ಚೀಲ ನನ್ನ ಕೈಗೆ ಕೊಟ್ಟು ಹೇಳಿದಳು.

"ಮೂರ್ ದಿನ ರಜ ಆಗೈತೆ ಕಣಪ್ಪ. ಅಲ್ಲಿ ಸಂಬ್ಳದಲ್ಲಿ ಇಡ್ಕತ್ತಾರೆ. ಅದೊಂದ ಕೊಟ್ಬುಡು."

ಅಣ್ಣ ಹಾಸಿಗೆ ಹಿಡಿದಾಗ ಇದೇ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಅತ್ತಿಗೆಯ ಜೊತೆಗೆ ಹದಿನೆಂಟು ದಿನ ಇದ್ದಳು, ಅದನ್ನು ಯಾರೂ ಎತ್ತಿರಲಿಲ್ಲ. ಈಗಲೂ ನಾನು ಎತ್ತಲಿಲ್ಲ. ಎತ್ತಿದ್ದರೆ ಅದೂ ದಂಡದ ಮಾತಾಗುತ್ತಿತ್ತು. ಅವಳು ಕೇಳಿದ್ದು ಕಳೆದುಕೊಂಡಷ್ಟನ್ನೇ, ಒಂದು ರೂಪಾಯಿ ಹೆಚ್ಚಲ್ಲ. ಅವಕಾಶ ವೆಚ್ಚಕ್ಕೆ ಇಷ್ಟು ಶುದ್ಧವಾದ ಉದಾಹರಣೆಯನ್ನು ನಾನು ಯಾವ ಕ್ಲಾಸಿನಲ್ಲೂ ಕೊಟ್ಟಿಲ್ಲ. ಪರ್ಸಿನಿಂದ ಮೂರು ದಿನದ್ದನ್ನು ಎಣಿಸಿ ಕೊಟ್ಟೆ. ಅವಳು ಎಣಿಸದೆ ಅದೇ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ನನ್ನ ಮುಖ ನೋಡಿ ಅವಳಿಗೆ ಅಯ್ಯೋ ಅನ್ನಿಸಿರಬೇಕು, ತೋಳು ಮುಟ್ಟಿ ಸಮಾಧಾನ ಹೇಳಿದಳು.

"ಇನ್ನ ನಿಂಗೂ ನಂಗೂ ಏನೂ ಇಲ್ಲ, ಬುಡು."

ನಾನು ಬೇಜಾರು ಮಾಡಿಕೊಳ್ಳದಿರಲಿ ಎಂದೇ ಅಂದದ್ದು.